ಪೋರ್ಟ್‌ಫೋಲಿಯೊದಲ್ಲಿ ಕನ್ನಡವೂ ಇರಲಿ
ಬಿವಿಎ (ದೃಶ್ಯಕಲೆಯ ಪದವಿ) ಮುಗಿದಿದೆ, ಪೋರ್ಟ್‌ಫೋಲಿಯೊದಲ್ಲಿ ಕಾಲೇಜಿನ 25 ಕೆಲಸಗಳಿವೆ, ಗ್ರಾಫಿಕ್ ಡಿಸೈನರ್ ಕೆಲಸಕ್ಕೆ ಸಾಕಾ ಅಂತ ಕೇಳಿದ್ದೀರಿ. ಜಾಸ್ತಿಯೇ ಆಯ್ತು. ಎಂಟು-ಹತ್ತು ಇಟ್ಟುಕೊಳ್ಳಿ. ಜೊತೆಗೆ ಮೊದಲ ಸ್ಕೆಚ್‌ಗಳೂ ಇರಲಿ, ನೀವು ಹೇಗೆ ಯೋಚಿಸುತ್ತೀರಿ ಅನ್ನೋದು ಅಲ್ಲೇ ಕಾಣುತ್ತದೆ.

ದಯವಿಟ್ಟು ಒಂದು ಕೆಲಸವಾದರೂ ಕನ್ನಡದಲ್ಲಿ ಮಾಡಿ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಒತ್ತಕ್ಷರ ಕೆಳಗಿನ ಸಾಲಿನ ತಲಕಟ್ಟಿಗೆ ತಾಗುತ್ತದೆ. ‘ಸ್ವಾತಂತ್ರ್ಯ’, ‘ರಾಷ್ಟ್ರ’ ಅಂತ ಹಾಕಿ ನೋಡಿ, ಗೊತ್ತಾಗುತ್ತದೆ. ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಎರಡೂ ಉಚಿತ ಫಾಂಟ್‌ಗಳು. ಒಂದೇ ಪೋಸ್ಟರನ್ನು ಎರಡರಲ್ಲೂ ಮಾಡಿ ಹೋಲಿಸಿ.

ಆಗುವುದಾದರೆ ಒಂದು ತಿಂಗಳು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಬನ್ನಿ. ಪರದೆಯ ಮೇಲೆ ಹೊಳೆಯುವ ಹಸಿರು ಸಿಎಂವೈಕೆಯಲ್ಲಿ, ಅಂದರೆ ಮುದ್ರಣದ ನಾಲ್ಕು ಶಾಯಿಗಳಲ್ಲಿ, ಮಂಕಾಗುತ್ತದೆ ಅಲ್ವಾ, ಅದನ್ನು ಕಣ್ಣಾರೆ ನೋಡಬೇಕು. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಚಿತ್ರ) ಯಾಕೆ ಅನ್ನೋದೂ ಕಟಿಂಗ್ ಮಷೀನ್ ಮುಂದೆ ನಿಂತಾಗಲೇ ಅರ್ಥವಾಗುತ್ತದೆ.