ಫೋಟೋ ಬುಕ್‌ನ ಪ್ರತಿ ಪುಟಕ್ಕೂ ಬೇರೆ ಬೇರೆ ಲೇಔಟ್ ನಾವೇ ಮಾಡ್ಕೊಬಹುದಾ?

ಮಾಡ್ಕೊಬಹುದು. ಆದರೆ ಬೇಡ.

ಆ್ಯಪ್‌ನ ಟೆಂಪ್ಲೇಟ್‌ಗಳೆಲ್ಲ ಒಂದೇ ಥರ ಇವೆ, ತಂದೆಯವರ ಷಷ್ಟ್ಯಬ್ದಿಗೆ ಮಾಡಿಸ್ತಿರೋ ಪುಸ್ತಕದಲ್ಲಿ ಪ್ರತಿ ಪುಟವೂ ಬೇರೆ ಕಾಣಬೇಕು, ಪುಟಕ್ಕೆ ಎಷ್ಟು ಫೋಟೋ ಹಾಕಲಿ ಅಂತ ಕೇಳಿದ್ದೀರಿ. ನಾನೂ ಇದೇ ಉತ್ಸಾಹದಲ್ಲಿ ಹೊರಟಿದ್ದೆ. 2024ರಲ್ಲಿ ಅಪ್ಪ ಅಮ್ಮನ ಮದುವೆಗೆ ಐವತ್ತು ತುಂಬಿತು. ಅರಸೀಕೆರೆ ಹತ್ತಿರದ ನಮ್ಮೂರಲ್ಲೇ ಒಂದು ಊಟ ಹಾಕಿಸೋದು ಅಂತಾಯಿತು. ಅಡುಗೆಯವರು, ಶಾಮಿಯಾನ ಅಣ್ಣನ ಪಾಲಿಗೆ ಬಂತು. ಬಟ್ಟೆಬರೆ ಅಕ್ಕನಿಗೆ. ನನ್ನ ಪಾಲಿಗೆ ಫೋಟೋ ಪುಸ್ತಕ. ಬಂದ ನೆಂಟರಿಗೆ ಮನೆಗೊಂದು ಪ್ರತಿ ಕೊಡಬೇಕು, ಅಂದರೆ ಇಪ್ಪತ್ತಕ್ಕೂ ಜಾಸ್ತಿ.

ಟೆಂಪ್ಲೇಟ್ ನನಗೂ ಹಿಡಿಸಲಿಲ್ಲ. ಮೂಲೆಯಲ್ಲಿ ಗುಲಾಬಿ ಹೂವು, ಮಧ್ಯೆ ಹಾರ್ಟು. ಅಪ್ಪ ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಅವರನ್ನು ಹಾರ್ಟಿನ ಒಳಗೆ ಕೂರಿಸಿದರೆ ಹೇಗಿರುತ್ತೆ ಹೇಳಿ. ಹಾಗಾಗಿ ಆನ್‌ಲೈನ್ ಡಿಸೈನ್ ಟೂಲ್ ಒಂದರಲ್ಲಿ ಖಾಲಿ ಪುಟ ತೆಗೆದುಕೊಂಡು ನಾನೇ ಶುರು ಮಾಡಿದೆ.

ಇಲ್ಲೇ ನಾನು ಎಡವಿದ್ದು. ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಹೇಳಲ್ಲ. ಯೂಟ್ಯೂಬ್ ವಿಡಿಯೋಗಳಲ್ಲಿ ನೋಡಿ, ಫಾಂಟು, ಬಣ್ಣ, ಶ್ಯಾಡೋ ಅಂತ ಅರ್ಧ ಗಂಟೆ ಮಾತಾಡ್ತಾರೆ, ಈ ಮಾತು ಬರಲ್ಲ.

ನನಗೆ ಗೊತ್ತಿದ್ದ ಆಲ್ಬಮ್ ಅಂದರೆ ಮದುವೆ ಆಲ್ಬಮ್. ನಮ್ಮ ಕಡೆ ಕರಿಷ್ಮಾ ಆಲ್ಬಮ್ ಅಂತಾರಲ್ಲ, ಅದು. 12x36 ಸೈಜಿಂದು ತೆಗೆದರೆ ಹನ್ನೆರಡು ಇಂಚು ಎತ್ತರ, ಮೂವತ್ತಾರು ಇಂಚು ಅಗಲ. ಅದರಲ್ಲಿ ತೆರೆದ ಎರಡು ಪುಟ ಸೇರಿ ಒಂದೇ ಪ್ರಿಂಟು. ಅದನ್ನು ಮಧ್ಯಕ್ಕೆ ಮಡಚಿ, ಬೆನ್ನಿಗೆ ಬೆನ್ನು ಅಂಟಿಸಿರ್ತಾರೆ. ತೆರೆದರೆ ಸಪಾಟಾಗಿ ಮಲಗುತ್ತೆ. ನಾನೂ ಹಾಗೇ ಅಂದುಕೊಂಡು ಅಗಲವಾದ ಪುಟಗಳನ್ನು ಮಾಡ್ತಾ ಹೋದೆ. ಎಡಗಡೆ ಅಂದಿನ ಫೋಟೋ, ಬಲಗಡೆ ಇಂದಿನದು. ಎಡಗಡೆ 1974ರ ಮದುವೆ ದಿನ ಹಸೆಮಣೆ ಮೇಲೆ ಕೂತವರು, ಬಲಗಡೆ ಅದೇ ಥರ ಜಗಲಿ ಮೇಲೆ ಕೂತವರು. ಆ ಜೋಡಿಗಳನ್ನು ಹೊಂದಿಸೋದಕ್ಕೇ ನನ್ನ ಸಂಜೆಗಳೆಲ್ಲ ಹೋದವು. ಗ್ರೂಪ್ ಫೋಟೋ ಬಂದಲ್ಲಿ ಎರಡೂ ಪುಟಕ್ಕೆ ಹರಡಿ ಹಾಕಿದೆ.

ಆದರೆ ನಾವು ಮಾಡಿಸ್ತಿದ್ದದ್ದು ಕರಿಷ್ಮಾ ಅಲ್ಲ. ಅಷ್ಟು ಪ್ರತಿಗೆ ಅದು ಕೈಗೆಟುಕುವ ಮಾತಲ್ಲ. ಡಿಜಿಟಲ್ ಪ್ರೆಸ್ಸಿನಲ್ಲಿ ಹಾಳೆಯ ಎರಡೂ ಬದಿಗೆ ಪ್ರಿಂಟ್ ಮಾಡಿ, ಬೆನ್ನಿಗೆ ಗಮ್ ಹಾಕಿ ಬೈಂಡ್ ಮಾಡುವ ಮಾಮೂಲಿ ಪುಸ್ತಕ. ಪರ್ಫೆಕ್ಟ್ ಬೈಂಡಿಂಗ್ ಅಂತಾರೆ. ಅಂಗಡಿಯವರು ಸಿಂಗಲ್ ಪೇಜ್ ಪಿಡಿಎಫ್ ಕೇಳಿದರು. ನಾನು ಅಗಲದ ಪುಟಗಳನ್ನು ಮಧ್ಯಕ್ಕೆ ಕತ್ತರಿಸಿ ಒಂದು, ಎರಡು, ಮೂರು, ನಾಲ್ಕು ಅಂತ ನಂಬರ್ ಹಾಕಿ ಕಳಿಸಿದೆ.

ಈಗ ಕೈಗೆ ಸಿಕ್ಕಿದ ಯಾವುದಾದರೂ ಪುಸ್ತಕ ತೆಗೆದು ನೋಡಿ. ಒಂದನೇ ಪುಟ ಎಲ್ಲಿರುತ್ತೆ? ಬಲಗಡೆ. ಅದರ ಎಡಕ್ಕಿರೋದು ರಟ್ಟಿನ ಒಳಮೈ. ಎರಡನೇ ಪುಟ ಒಂದನೇದರ ಎದುರಿಗಿಲ್ಲ, ಅದೇ ಹಾಳೆಯ ಹಿಂದುಗಡೆ ಇದೆ. ಅಂದರೆ ಎದುರುಬದುರು ಕೂರೋದು ಎರಡು-ಮೂರು, ನಾಲ್ಕು-ಐದು, ಆರು-ಏಳು. ನಾನು ಜೋಡಿ ಮಾಡಿದ್ದು ಒಂದು-ಎರಡು, ಮೂರು-ನಾಲ್ಕು, ಐದು-ಆರು. ಒಂದೇ ಒಂದು ಪುಟ ಆಚೀಚೆ, ಇಡೀ ಪುಸ್ತಕದ ಜೋಡಿಯೆಲ್ಲ ತಪ್ಪಿತು. ಎಡಗಡೆ ಬರಬೇಕಾದ್ದು ಬಲಕ್ಕೆ ಬಂತು, ಬಲಗಡೆ ಬರಬೇಕಾದ್ದು ಅದರ ಬೆನ್ನಿಗೆ ಹೋಯಿತು.

ಕಳಿಸುವ ಮುಂಚೆ ನೋಡಲಿಲ್ವಾ ಅಂತೀರಿ. ನೋಡಿದ್ದೆ, ಅದೇ ಹೊಟ್ಟೆಯುರಿ. ಅಡೋಬಿ ರೀಡರ್‌ನಲ್ಲಿ ಎರಡೆರಡು ಪುಟ ಪಕ್ಕಪಕ್ಕ ಇಟ್ಟು ಮೊದಲಿಂದ ಕೊನೆತನಕ ನೋಡಿದ್ದೆ. ಎಲ್ಲ ಸರಿಯಾಗೇ ಕಾಣ್ತು. ಯಾಕಂದ್ರೆ ಅದರ ಟೂ ಪೇಜ್ ವ್ಯೂ ಸುಮ್ನೆ ಒಂದು-ಎರಡು, ಮೂರು-ನಾಲ್ಕು ಅಂತ ಜೋಡಿಸಿ ತೋರಿಸುತ್ತೆ. ವ್ಯೂ ಮೆನುವಿನ ಪೇಜ್ ಡಿಸ್‌ಪ್ಲೇ ಒಳಗೆ 'ಶೋ ಕವರ್ ಪೇಜ್ ಇನ್ ಟೂ ಪೇಜ್ ವ್ಯೂ' ಅಂತ ಒಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ ಮಾತ್ರ ಮೊದಲ ಪುಟ ಒಂಟಿಯಾಗಿ ನಿಂತು, ಉಳಿದದ್ದು ನಿಜವಾದ ಪುಸ್ತಕದ ಹಾಗೆ ಕೂರುತ್ತೆ. ಆ ಟಿಕ್ ನಾನು ಹಾಕಿರಲಿಲ್ಲ. ಅಂಗಡಿಗೆ ಹೋಗಿ ಬಣ್ಣ ನೋಡೋಕೆ ಅಂತ ನಾಲ್ಕೈದು ಬಿಡಿ ಹಾಳೆ ತೆಗೆಸಿದ್ದೂ ಹೌದು. ಬಿಡಿ ಹಾಳೆಯಲ್ಲಿ ಬಣ್ಣ ಗೊತ್ತಾಗುತ್ತೆ, ಯಾವುದರ ಎದುರು ಯಾವುದು ಬರುತ್ತೆ ಅನ್ನೋದು ಹೇಗೆ ಗೊತ್ತಾಗಬೇಕು?

ಊಟದ ಹಿಂದಿನ ದಿನ ಬಾಕ್ಸ್ ಬಂತು. ಹಸೆಮಣೆ ಫೋಟೋವನ್ನು ಒಂದು ಕಡೆ ದೊಡ್ಡದಾಗಿ ಎರಡು ಪುಟಕ್ಕೂ ಹರಡಿದ್ದೆ. ಅದರಲ್ಲಿ ಅಪ್ಪ ಹಾಳೆಯ ಈ ಬದಿಗೆ, ಅಮ್ಮ ಆ ಬದಿಗೆ. ಐವತ್ತು ವರ್ಷ ಸಂಸಾರ ಮಾಡಿದವರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿದ್ದೆ. ಅಮ್ಮ ಹಾಳೆ ಹಿಂದೆ ಮುಂದೆ ತಿರುಗಿಸಿ, "ಸರಿಯಾಗೇ ಮಾಡಿದೀಯ ಬಿಡು, ಜಗಳ ಆದ ದಿನದ್ದು ಅಂತ ಹೇಳೋಣ" ಅಂದರು. ಎಲ್ಲರೂ ನಕ್ಕರು. ಅದು ಹಾಗೆ ನಗುವಿನಲ್ಲಿ ಹೋಯಿತು.

ನಗುವಿನಲ್ಲಿ ಹೋಗದ್ದು ಇನ್ನೊಂದು. ಇಪ್ಪತ್ತೆರಡನೇ ಪುಟದಲ್ಲಿ ಅಜ್ಜ ತೀರಿಕೊಂಡ ವರ್ಷದ ಫೋಟೋ ಇತ್ತು, ಹಾರ ಹಾಕಿದ್ದು. ಅಲ್ಲಿಗೆ ಒಂದು ಭಾಗ ಮುಗಿಸಿ, ಹಾಳೆ ತಿರುಗಿಸಿದ ಮೇಲೆ ಹೊಸದಾಗಿ ಅಣ್ಣನ ಮಗಳ ನಾಮಕರಣ ಶುರುವಾಗಲಿ ಅಂತ ಇಪ್ಪತ್ಮೂರಕ್ಕೆ ತೊಟ್ಟಿಲಿನ ಫೋಟೋ ಇಟ್ಟಿದ್ದೆ. ನನ್ನ ಲೆಕ್ಕದಲ್ಲಿ ಅವೆರಡರ ನಡುವೆ ಒಂದು ಹಾಳೆ ತಿರುವು ಇತ್ತು. ಪುಸ್ತಕದಲ್ಲಿ ಎರಡೂ ಎದುರುಬದುರು ಕೂತುಬಿಟ್ಟವು. ಸೋದರತ್ತೆ ನೋಡಿ, "ತೊಟ್ಟಿಲ ಮುಂದೆ ಇದನ್ನ ಯಾರಾದ್ರೂ ಇಡ್ತಾರೇನೇ?" ಅಂದರು. ಅತ್ತಿಗೆ ಏನೂ ಹೇಳಲಿಲ್ಲ, ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಪುಟ ನಂಬರ್ ತಪ್ಪಾಗಿದ್ದು ಅಂತ ಅವರಿಗೆ ವಿವರಿಸೋದು ಹೇಗೆ? ಒಂದು ಪ್ರತಿಯನ್ನೂ ಹಂಚಲಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದರೆ, "ಮೇಡಂ, ನೀವು ಕೊಟ್ಟ ಆರ್ಡರ್‌ನಲ್ಲೇ ಹೊಡೆದಿದೀವಿ" ಅಂದರು. ನಿಜ, ಅವರ ತಪ್ಪೇನೂ ಇಲ್ಲ. ಸರಿ ಮಾಡೋದಕ್ಕೆ ಬೇಕಾಗಿದ್ದು ಎಷ್ಟು ಗೊತ್ತಾ? ಮುಂದೆ ಹೆಸರು, ತಾರೀಖು ಇರುವ ಒಂದೇ ಒಂದು ಪುಟ. ಅದನ್ನು ಸೇರಿಸಿದ ಕೂಡಲೇ ಉಳಿದದ್ದೆಲ್ಲ ಒಂದೊಂದು ಪುಟ ಮುಂದೆ ಸರಿದು ಜೋಡಿ ಸರಿಹೋಯಿತು. ಹಾಳೆಗೆ ಎರಡು ಬದಿ ಇರೋದರಿಂದ ಒಟ್ಟು ಪುಟ ಸಮಸಂಖ್ಯೆ ಆಗಬೇಕು, ಅದಕ್ಕೆ ಕೊನೆಯಲ್ಲಿ ಇನ್ನೊಂದು ಖಾಲಿ ಪುಟ. ಐದು ನಿಮಿಷದ ಕೆಲಸ. ದುಡ್ಡು ಮಾತ್ರ ಮತ್ತೆ ಪೂರ್ತಿ ಕಟ್ಟಬೇಕಾಯಿತು. ನೆಂಟರಿಗೆ ಆಮೇಲೆ ಕೊರಿಯರ್ ಮಾಡಿದೆವು, ಅದರ ಖರ್ಚು ಬೇರೆ.

ಅದಕ್ಕೇ ಹೇಳೋದು, ಪ್ರತಿ ಪುಟಕ್ಕೂ ಬೇರೆ ಲೇಔಟ್ ಅನ್ನುವ ಯೋಚನೆಯೇ ತಪ್ಪು ಜಾಗದಿಂದ ಶುರುವಾಗಿದೆ. ಓದುವವರು ಒಂದು ಪುಟ ನೋಡೋದೇ ಇಲ್ಲ. ತೆರೆದಾಗ ಕಾಣೋ ಎರಡನ್ನೂ ಒಟ್ಟಿಗೆ ನೋಡ್ತಾರೆ. ಎಡದಲ್ಲಿ ಆರು ಫೋಟೋ ವಾರೆವಾರೆಯಾಗಿ, ಬಲದಲ್ಲಿ ಮೂರು ಗೋಲಾಕಾರದಲ್ಲಿ ಇದ್ದರೆ ಸಂತೆಯಲ್ಲಿ ಎರಡು ಮೈಕು ಒಟ್ಟಿಗೆ ಕೂಗಿದ ಹಾಗಿರುತ್ತೆ. ಎರಡನೇ ಸಲ ನಾನು ಮೂರೇ ಲೇಔಟ್ ಇಟ್ಟುಕೊಂಡೆ. ಒಂದು ಕಡೆ ದೊಡ್ಡ ಫೋಟೋ, ಎದುರಿಗೆ ಚಿಕ್ಕವು. ಎರಡೂ ಕಡೆ ಒಂದೊಂದೇ. ಮತ್ತೆ, ಮದುವೆಮನೆ ಗದ್ದಲದಂಥದ್ದಕ್ಕೆ ನಾಲ್ಕು ನಾಲ್ಕು ಒಂದೇ ಅಳತೆಯವು. ಇವನ್ನೇ ಅದಲು ಬದಲು ಮಾಡಿದೆ. ಒಂದೇ ಥರ ಇದೆ ಅಂತ ಯಾರೂ ಹೇಳಲಿಲ್ಲ. ಪುಟಕ್ಕೆ ಎಷ್ಟು ಫೋಟೋ ಅಂದರೆ ನನ್ನ ಉತ್ತರ, ನೀವು ಅಂದುಕೊಂಡದ್ದರ ಅರ್ಧ.

ಟೆಂಪ್ಲೇಟ್ ಯಾಕೆ ಹೊಂದಲ್ಲ ಅನ್ನೋದಕ್ಕೂ ಕಾರಣ ಇದೆ, ಡಿಸೈನ್ ಕೆಟ್ಟದ್ದು ಅಂತಲೇ ಅಲ್ಲ. ಮೊಬೈಲ್ ಫೋಟೋ ಸಾಮಾನ್ಯವಾಗಿ 4:3 ಇರುತ್ತೆ. ಸ್ಟುಡಿಯೋ ಕ್ಯಾಮೆರಾದ್ದು 3:2. ಹಳೇ ಕಪ್ಪು-ಬಿಳುಪಿನವು ಚೌಕವೂ ಇರ್ತವೆ. ಟೆಂಪ್ಲೇಟಿನ ಚೌಕಟ್ಟು ಇವ್ಯಾವುದೂ ಅಲ್ಲ ಅಂದರೆ ಆ್ಯಪ್ ತಾನೇ ಅಂಚು ಕತ್ತರಿಸಿ ತುಂಬಿಸುತ್ತೆ. ಗ್ರೂಪ್ ಫೋಟೋದಲ್ಲಿ ತುದಿಗೆ ನಿಂತ ಚಿಕ್ಕಪ್ಪನ ಭುಜ ಹೋಗೋದು ಹೀಗೇ. ಹಾಗಾಗಿ ಮೊದಲು ಫೋಟೋ ಆರಿಸಿ, ಆಮೇಲೆ ಅದರ ಅಳತೆಗೆ ಚೌಕಟ್ಟು ಎಳೆಯಿರಿ. ನೀವು ಕಸ್ಟಮೈಸ್ ಮಾಡಲೇಬೇಕಾದ್ದು ಇಷ್ಟೇ.

ಅಂಚಿನ ಬಗ್ಗೆ ಎರಡು ಮಾತು. ಪುಟದ ತುದಿತನಕ ಹೋಗೋ ಫೋಟೋವನ್ನು ಕತ್ತರಿಸುವ ಗೆರೆಯಿಂದ 3 ಮಿಲಿಮೀಟರ್ ಹೊರಗೆ ಚಾಚಿ ಕೊಡಿ, ಪ್ರೆಸ್‌ನವರು ಅದಕ್ಕೆ ಬ್ಲೀಡ್ ಅಂತಾರೆ. ಕಟಿಂಗ್ ಮಷೀನ್ ಕೂದಲೆಳೆಯಷ್ಟು ಆಚೀಚೆ ಆದರೂ ಬಿಳಿ ಗೆರೆ ಕಾಣಬಾರದಲ್ಲ, ಅದಕ್ಕೆ. ಮುಖ, ಹೆಸರು ಮಾತ್ರ ಅಂಚಿಂದ ಒಂದು ಸೆಂಟಿಮೀಟರ್ ಒಳಗಿರಲಿ. ಬೈಂಡಿಂಗ್ ಕಡೆ ಇನ್ನೂ ಜಾಸ್ತಿ ಬಿಡಿ. ಗಮ್ ಬೈಂಡಿಂಗ್ ಪುಸ್ತಕ ಪೂರ್ತಿ ತೆರೆಯಲ್ಲ, ಮಧ್ಯದ ಸಂದು ಒಂದಷ್ಟನ್ನು ನುಂಗುತ್ತೆ. ಹರಡಿ ಹಾಕೋ ಫೋಟೋದಲ್ಲಿ ಸರಿಯಾಗಿ ಮಧ್ಯಕ್ಕೆ ಯಾರಾದರೂ ನಿಂತಿದ್ದರೆ ಅದನ್ನು ಹರಡಲೇಬೇಡಿ. ಅದರಲ್ಲೂ ಷಷ್ಟ್ಯಬ್ದಿ ಗ್ರೂಪ್ ಫೋಟೋ ಅಂದರೆ ಮಧ್ಯಕ್ಕೆ ಇರೋದು ನಿಮ್ಮ ತಂದೆಯವರೇ ಅಲ್ವಾ?

ಇನ್ನು ನೆಂಟರಿಂದ ಫೋಟೋ ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ ಅನ್ನಿ. ಸುಮ್ನೆ ಫೋಟೋ ಅಂತ ಮಾಮೂಲಿ ಕ್ವಾಲಿಟಿಯಲ್ಲಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತೆ. ಪ್ರಿಂಟಿಗೆ ಇಂಚಿಗೆ 300 ಅಂತ ಹಿಡಿದರೆ ಅದು ಐದೂಕಾಲು ಇಂಚಿಗೆ ಸಾಲುತ್ತೆ, ಅಷ್ಟೇ. ಫೋನಲ್ಲಿ ಚೆನ್ನಾಗಿ ಕಾಣುತ್ತಲ್ಲ ಅಂತ ಪೂರ್ತಿ ಪುಟಕ್ಕೆ ಹಾಕಿದರೆ ಮಂಜು ಮಂಜು. ಹಳೇ ಪ್ರಿಂಟುಗಳನ್ನು ಮೊಬೈಲಲ್ಲಿ ಫೋಟೋ ಹೊಡೆಯೋದು ಬಿಟ್ಟು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿ ಬರೋ ಹಾಗೆ, ಸ್ಕ್ಯಾನ್ ಮಾಡಿಸಿ. ಎರಡು ಪಟ್ಟು ದೊಡ್ಡದು ಮಾಡಿದರೂ ತಡೆಯುತ್ತೆ.

ಫೋಟೋ ಕೆಳಗೆ ಕನ್ನಡದಲ್ಲಿ ಹೆಸರು ಹಾಕ್ತೀರಾದರೆ, ಒಂದು ಪುಟದಲ್ಲಿ ಮೊದಲೇ ಪರೀಕ್ಷೆ ಮಾಡಿ. ಫೋಟೋಶಾಪ್‌ನ ಹಳೇ ವರ್ಷನ್‌ಗಳಲ್ಲಿ, ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಬರಬೇಕಂದ್ರೆ 'ವರ್ಲ್ಡ್ ರೆಡಿ' ಅನ್ನುವ ಸೆಟ್ಟಿಂಗ್ ಹಾಕಿರಬೇಕು. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಲಕ್ಷ್ಮಮ್ಮ ಹೋಗಿ ಲಕ್‌ಷ್‌ಮಮ್‌ಮ ಆಗ್ತಾರೆ. ಅಂಗಡಿಯಲ್ಲಿ ಫೈಲ್ ತೆರೆದಾಗ ಫಾಂಟ್ ಇಲ್ಲದೆ ಬೇರೇನೋ ಆಗೋದೂ ಉಂಟು. ಪಿಡಿಎಫ್ ಮಾಡುವಾಗ ಫಾಂಟ್ ಒಳಗೇ ಎಂಬೆಡ್ ಆಗಿದೆಯಾ ನೋಡಿಕೊಳ್ಳಿ.

ಯಾವ ಆ್ಯಪ್ ಒಳ್ಳೇದು ಅಂತ ನನ್ನ ಕೇಳಬೇಡಿ, ನಿಜವಾಗಿ ಅದು ಮುಖ್ಯ ಅಲ್ಲ. ಬಹಳಷ್ಟು ಆ್ಯಪ್‌ಗಳಲ್ಲಿ ಮೊದಲ ಪುಟ ಬಲಗಡೆ ಒಂಟಿಯಾಗಿ ಕಾಣುತ್ತೆ, ಎಡಗಡೆ ಬೂದು ಬಣ್ಣ ಇರುತ್ತೆ, ಅಲ್ಲಿ ಏನೂ ಹಾಕಕ್ಕಾಗಲ್ಲ. ಹಾಗಿದ್ದರೆ ನೀವು ಅರ್ಧ ಬಚಾವು. ಸ್ವಂತ ಪಿಡಿಎಫ್ ಕೊಡೋದಾದರೆ ಕಂಪ್ಯೂಟರ್ ಮುಟ್ಟೋ ಮೊದಲು ಎ4 ಹಾಳೆಗಳನ್ನು ಮಧ್ಯಕ್ಕೆ ಮಡಚಿ, ಒಂದರೊಳಗೊಂದು ಸೇರಿಸಿ ಸ್ಟೇಪ್ಲರ್ ಹೊಡೆಯಿರಿ. ಪೆನ್ಸಿಲ್‌ನಲ್ಲಿ ಪುಟ ಸಂಖ್ಯೆ ಹಾಕಿ, ಯಾವ ಪುಟದಲ್ಲಿ ಏನು ಅಂತ ಬರೆದುಕೊಂಡು ಹೋಗಿ. 'ಅಪ್ಪ ಸೈಕಲ್', 'ಅಕ್ಕನ ಮದುವೆ', ಅಷ್ಟು ಬರೆದರೆ ಸಾಕು. ತಿರುಗಿಸಿ ನೋಡಿ. ನಿಮ್ಮ ತಾಯಿಯವರ ಕೈಗೂ ಕೊಡಿ. ಯಾವುದರ ಎದುರು ಯಾವುದು ಇರಬಾರದು ಅಂತ ಅವರಿಗೆ ನಮಗಿಂತ ಬೇಗ ಗೊತ್ತಾಗುತ್ತೆ. ಆಮೇಲೆ ಬೈಂಡ್ ಮಾಡಿದ ಒಂದೇ ಒಂದು ಪ್ರತಿ ತೆಗೆಸಿ. ಬಿಡಿ ಹಾಳೆ ಅಲ್ಲ, ಬೈಂಡ್ ಮಾಡಿದ್ದು. ಅದಕ್ಕೆ ಬೇರೆ ದುಡ್ಡು ಕೇಳ್ತಾರೆ, ಕೊಡಿ.

ಕವರ್ ಡಿಸೈನ್ ಈಗಲೇ ಮುಗಿಸಿದೀನಿ ಅಂತ ಬರೆದಿದ್ದೀರಲ್ಲ, ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪುಸ್ತಕದ ಬೆನ್ನಿನ ದಪ್ಪ ಎಷ್ಟು ಪುಟ, ಯಾವ ಪೇಪರ್ ಅನ್ನೋದರ ಮೇಲೆ ಹೋಗುತ್ತೆ. 130 ಜಿಎಸ್‌ಎಂ (ಪೇಪರಿನ ತೂಕದ ಅಳತೆ) ಬಿಟ್ಟು 170 ಹಾಕಿಸಿದರೂ ಅದು ಬದಲಾಗುತ್ತೆ. ಪುಟಗಳೆಲ್ಲ ಗಟ್ಟಿಯಾದ ಮೇಲೆ ಅಂಗಡಿಯವರನ್ನೇ ಬೆನ್ನಿನ ಅಳತೆ ಕೇಳಿ, ಅದಕ್ಕೆ ಸರಿಯಾಗಿ ಕವರ್ ಹೊಂದಿಸಿಕೊಳ್ಳಿ.