ಹನ್ನೆರಡಕ್ಕೂ ಬೋಣಿ ಇಲ್ಲವೆಂದರೆ ಹಿಂಜರಿತವೇ?

ಬಂಗಾರಪೇಟೆಯ ಜವಳಿ ವ್ಯಾಪಾರಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು:

“ದೇಶದ ಆರ್ಥಿಕತೆ ಶೇ 8.2ರಷ್ಟು ಬೆಳೆದಿದೆ ಎಂದು ಡಿಸೆಂಬರ್ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮಪ್ಪ ಹಾಕಿದ ಅಂಗಡಿ, ನಾನು ಗಲ್ಲಾದಲ್ಲಿ ಕೂತು ಮೂವತ್ತೊಂದು ವರ್ಷ. ಹಗಲು ಹನ್ನೆರಡಾದರೂ ಬೋಣಿ ಆಗದ ದಿನಗಳನ್ನು ಈ ವರ್ಷ ಕಂಡಷ್ಟು ಹಿಂದೆಂದೂ ಕಂಡಿಲ್ಲ. ಪಕ್ಕದ ಪಾತ್ರೆ ಅಂಗಡಿಯವರದೂ ಇದೇ ಮಾತು. ಇದು ಆರ್ಥಿಕ ಹಿಂಜರಿತ ಅಲ್ಲದೆ ಮತ್ತೇನು? ಹಾಗೆಂದು ಬರೆಯಲು ನಿಮಗೆ ಭಯವೇ? ಹೀಗೇ ಆದರೆ ಚಂದಾ ನಿಲ್ಲಿಸಬೇಕಾಗುತ್ತದೆ. ನನ್ನ ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ

ಯಜಮಾನರೇ,

ಪತ್ರವನ್ನು ಎರಡು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು, ಎರಡನೇ ಸಲ ನಮ್ಮ ಪತ್ರಿಕೆಯ ಜಾಹೀರಾತಿನ ಲೆಡ್ಜರ್ ತೆಗೆದು ನೋಡಿದೆ. ಅದನ್ನು ನೋಡಿದ ಮೇಲೆ ನಿಮ್ಮ ಮಾತನ್ನು ಅನುಮಾನಿಸುವ ಅಧಿಕಾರ ನನಗೆ ಉಳಿದಿಲ್ಲ. ಆದರೂ ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡಬೇಕು: ಆ ಪದವನ್ನು ಲೋಕ ಬಳಸುವ ಅರ್ಥದಲ್ಲಿ ಹೇಳುವುದಾದರೆ ದೇಶ ಇವತ್ತು ಹಿಂಜರಿತದಲ್ಲಿ ಇಲ್ಲ. ನಿಮ್ಮ ವ್ಯಾಪಾರ ಡಲ್ ಆಗಿರುವುದೂ ನಿಜ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಲೇಬೇಕು ಅಂತ ನೀವು ಹಿಡಿದ ಪಟ್ಟಿನ ಬಗ್ಗೆಯಷ್ಟೇ ನನ್ನ ತಕರಾರು.

ಮೊದಲು ಪದದ ಸಮಾಚಾರ. ಹಿಂಜರಿಯುವುದು ಅಂದರೆ ನಮ್ಮ ಕನ್ನಡದಲ್ಲಿ ಅಳುಕುವುದು, ಹಿಂದೆ ಮುಂದೆ ನೋಡುವುದು. ಸೀರೆಯ ಸೆರಗನ್ನು ಬೆರಳಲ್ಲಿ ಮುಟ್ಟಿ, ರೇಟು ಕೇಳಿ, “ಮತ್ತೆ ಬರ್ತೀವಿ” ಅಂತ ಎದ್ದು ಹೋಗುವ ಗಿರಾಕಿಯದು ಅಪ್ಪಟ ಹಿಂಜರಿತ. ಅರ್ಥಶಾಸ್ತ್ರದವರು ಇದೇ ಪದವನ್ನು ಎತ್ತಿಕೊಂಡು ಬೇರೆಯದಕ್ಕೆ ಇಟ್ಟರು: ಇಡೀ ದೇಶದ ಉತ್ಪಾದನೆ ಹಿಂದಿಗಿಂತ ಕುಗ್ಗಬೇಕು, ಕೆಲವು ತಿಂಗಳಾದರೂ ಕುಗ್ಗುತ್ತಲೇ ಇರಬೇಕು. ಪತ್ರಿಕೆಗಳು ಬಳಸುವ ಸುಲಭದ ಅಳತೆ ಎಂದರೆ ಸತತ ಎರಡು ತ್ರೈಮಾಸಿಕ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪನ್ನ, ಇಳಿಯುವುದು. ಇದನ್ನು ಶಾಸ್ತ್ರವಾಕ್ಯ ಅಂದುಕೊಂಡವರು ಬಹಳ ಮಂದಿ. ಇದು ಜನಪ್ರಿಯವಾದದ್ದು 1974ರಲ್ಲಿ ಅಮೆರಿಕದ ಜೂಲಿಯಸ್ ಶಿಸ್ಕಿನ್ ಎಂಬ ಅಂಕಿಅಂಶ ಅಧಿಕಾರಿ ಪತ್ರಿಕೆಗೆ ಬರೆದ ಒಂದು ಲೇಖನದಿಂದ. ಆತ ಇನ್ನೂ ಹಲವು ಗುರುತುಗಳನ್ನು ಕೊಟ್ಟಿದ್ದ. ಜನ ನೆನಪಿಟ್ಟುಕೊಂಡದ್ದು ಇದೊಂದನ್ನೇ.

ಆ ಅಮೆರಿಕದಲ್ಲೇ ಈ ಅಳತೆ ಅಧಿಕೃತ ಅಲ್ಲ. ಅಲ್ಲಿ ಎನ್.ಬಿ.ಇ.ಆರ್. ಎಂಬ ಸಂಸ್ಥೆಯ ಅರ್ಥಶಾಸ್ತ್ರಜ್ಞರ ಸಮಿತಿ ಉದ್ಯೋಗ, ಆದಾಯ, ಮಾರಾಟ ಎಲ್ಲವನ್ನೂ ತೂಗಿ ನೋಡಿ ತೀರ್ಪು ಹೇಳುತ್ತದೆ, ಅದೂ ನಿಧಾನವಾಗಿ. 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತವನ್ನು ಅವರು ಘೋಷಿಸಿದ್ದು 2008ರ ಡಿಸೆಂಬರ್‌ನಲ್ಲಿ. 2022ರ ಮೊದಲ ಎರಡು ತ್ರೈಮಾಸಿಕ ಅಲ್ಲಿ ಜಿಡಿಪಿ ಇಳಿಯಿತೆಂದು ಲೆಕ್ಕ ಬಂದಾಗ ದೊಡ್ಡ ಜಗಳವೇ ಆಯಿತು. ಎರಡು ತ್ರೈಮಾಸಿಕ ಎಂಬುದು ವ್ಯಾಖ್ಯೆಯೇ ಅಲ್ಲ ಎಂದಿತು ಶ್ವೇತಭವನ. ಸೋಲುವಾಗ ಆಟದ ನಿಯಮ ಬದಲಿಸುತ್ತೀರಿ ಎಂದರು ಎದುರಾಳಿಗಳು. ನಿರುದ್ಯೋಗ ಶೇ 4ರ ಒಳಗೇ ಇತ್ತು, ಸಮಿತಿ ಅದನ್ನು ಹಿಂಜರಿತ ಅನ್ನಲೇ ಇಲ್ಲ. ಇನ್ನು ಬ್ರಿಟನ್ ನೋಡಿ. 2012ರಲ್ಲಿ ಎರಡನೇ ಹಿಂಜರಿತ ಬಂತೆಂದು ದೇಶವೆಲ್ಲ ಗೋಳಾಡಿತು. 2013ರ ಜೂನ್‌ನಲ್ಲಿ ಲೆಕ್ಕ ಪರಿಷ್ಕರಿಸಿದ ಮೇಲೆ ಅಂಥದ್ದು ಆಗಿಯೇ ಇರಲಿಲ್ಲ ಎಂದಾಯಿತು. ಜಪಾನಿನಲ್ಲಿ 2024ರ ಫೆಬ್ರವರಿಯಲ್ಲಿ ಬಂದ ಹಿಂಜರಿತ ಮಾರ್ಚ್ ತಿಂಗಳಲ್ಲಿ ಕಾಗದದಿಂದ ಅಳಿಸಿಹೋಯಿತು. ಆ ನಡುವೆ ಅಂಗಡಿ ಮುಚ್ಚಿಕೊಂಡವನು ಯಾರನ್ನು ಕೇಳಬೇಕೋ!

ನಮ್ಮಲ್ಲಿ ಅಂಥ ಅಧಿಕೃತ ಸಮಿತಿಯೇ ಇಲ್ಲ. ತ್ರೈಮಾಸಿಕ ಜಿಡಿಪಿಯ ಲೆಕ್ಕ ಇರುವುದು 1996-97ರಿಂದ ಈಚೆಗೆ ಮಾತ್ರ. ಅದಕ್ಕೆ ಮುಂಚಿನ ಬರಗಾಲದ ವರ್ಷಗಳನ್ನು ಇಡೀ ವರ್ಷದ ಲೆಕ್ಕದಲ್ಲೇ ನೋಡಬೇಕು. 1965-66ರಲ್ಲಿ ಉತ್ಪನ್ನ ಕುಗ್ಗಿತು. 1979-80ರಲ್ಲಿ ಮಳೆ ಕೈಕೊಟ್ಟು, ತೈಲದ ಬೆಲೆ ಏರಿ, ಶೇ 5.2ರಷ್ಟು ಕುಗ್ಗಿತು. ಆಮೇಲೆ 2020. ಏಪ್ರಿಲ್‌ನಿಂದ ಜೂನ್‌ವರೆಗೆ ಶೇ 23.9, ಜುಲೈನಿಂದ ಸೆಪ್ಟೆಂಬರ್‌ವರೆಗೆ ಶೇ 7.5 ಇಳಿಕೆ ಎಂದು ಆಗ ಪ್ರಕಟವಾಯಿತು. ಎರಡು ತ್ರೈಮಾಸಿಕ ಆಯಿತು, ಹಿಂಜರಿತ ಎಂದು ನಾವೂ ಮುಖಪುಟದಲ್ಲಿ ಹಾಕಿದೆವು.

ಅದರೊಳಗೂ ಒಂದು ತಮಾಷೆ ಇದೆ. ಬೇರೆ ಹಲವು ದೇಶಗಳು ಈ ತ್ರೈಮಾಸಿಕವನ್ನು ಹಿಂದಿನ ತ್ರೈಮಾಸಿಕದ ಜೊತೆ ಹೋಲಿಸುತ್ತವೆ. ನಾವು ಹೋದ ವರ್ಷದ ಇದೇ ತ್ರೈಮಾಸಿಕದ ಜೊತೆ ಹೋಲಿಸುತ್ತೇವೆ. ಬೆಳೆ, ಹಬ್ಬ, ಮದುವೆ ಸೀಸನ್ನು ಇರುವ ದೇಶಕ್ಕೆ ಅದೇ ಸರಿ. ಆಷಾಢದ ವ್ಯಾಪಾರವನ್ನು ದೀಪಾವಳಿಯ ಜೊತೆ ಯಾರು ಹೋಲಿಸುತ್ತಾರೆ? ಆದರೆ 2020ರಲ್ಲಿ ಆ ಎರಡನೇ ತ್ರೈಮಾಸಿಕದಲ್ಲಿ ದೇಶದ ಉತ್ಪನ್ನ ಮೊದಲನೆಯದಕ್ಕಿಂತ ಮೇಲೆದ್ದಿತ್ತು, 26.90 ಲಕ್ಷ ಕೋಟಿಯಿಂದ 33.14 ಲಕ್ಷ ಕೋಟಿಗೆ. ನಾವು “ಹಿಂಜರಿತ” ಎಂದು ಕೂಗಿದಾಗ ಏಳುತ್ತಿದ್ದೆವು. ನೆಲಕ್ಕೆ ಬಿದ್ದದ್ದು ಅದಕ್ಕೂ ಮುಂಚೆ.

ಅದೇ ಏಪ್ರಿಲ್‌-ಜೂನ್‌ನಲ್ಲಿ ಕೃಷಿ ಶೇ 3.4 ಬೆಳೆಯಿತೆಂದು ಲೆಕ್ಕ ಹೇಳಿತು. ಬೆಳೆದದ್ದು ಸುಳ್ಳಲ್ಲ. ಲಾಕ್‌ಡೌನಿನಲ್ಲಿ ಲಾರಿ ಸಿಗದೆ ನಮ್ಮ ಕಡೆಯ ರೈತರು ಟೊಮೆಟೊವನ್ನು ರಸ್ತೆ ಬದಿ ಸುರಿದದ್ದೂ ಸುಳ್ಳಲ್ಲ.

ಈಗ ನಿಮ್ಮನ್ನು ಕೆರಳಿಸಿದ ಆ ಶೇ 8.2ಕ್ಕೆ ಬರೋಣ. ನೀವು ವ್ಯಾಪಾರಸ್ಥರು, ನನಗಿಂತ ಬೇಗ ಹಿಡಿಯುತ್ತೀರಿ. 2025ರ ಜುಲೈ-ಸೆಪ್ಟೆಂಬರ್‌ನಲ್ಲಿ ದೇಶದ ಉತ್ಪನ್ನ ರೂಪಾಯಿ ಲೆಕ್ಕದಲ್ಲಿ ಏರಿದ್ದು ಶೇ 8.7. ಅದರಲ್ಲಿ ಬೆಲೆಯೇರಿಕೆಯ ಪಾಲು ಸುಮಾರು ಅರ್ಧ ಪರ್ಸೆಂಟ್ ಅಂತ ತೆಗೆದರು. ಉಳಿದದ್ದು 8.2. ನಿಮ್ಮ ಅಂಗಡಿಗೆ ಇಳಿಸಿ ಹೇಳುತ್ತೇನೆ. ಹೋದ ವರ್ಷ ಸಾವಿರ ರೂಪಾಯಿಯ ಸಾವಿರ ಸೀರೆ ಮಾರಿದಿರಿ, ಗಲ್ಲಾಕ್ಕೆ 10 ಲಕ್ಷ ಬಂತು. ಈ ವರ್ಷ 10 ಲಕ್ಷದ 87 ಸಾವಿರ. ಸೀರೆಯ ಬೆಲೆ 1,005 ಆಗಿದೆ ಎಂದರೆ ಸುಮಾರು 1,082 ಸೀರೆ ಹೋಗಿವೆ ಎಂದಾಯಿತು, ಭರ್ಜರಿ ಬೆಳವಣಿಗೆ. ನಿಜವಾಗಿ ಬೆಲೆ 1,040 ಆಗಿದ್ದರೆ? ಹೋದದ್ದು ಬರೀ 1,045. ಗಲ್ಲಾದ ದುಡ್ಡು ಎರಡರಲ್ಲೂ ಒಂದೇ. ಬೆಲೆ ಎಷ್ಟು ಏರಿತು ಎಂಬ ಆ ಒಂದು ಅಂಕಿಯ ಮೇಲೆ ಇಡೀ ಬೆಳವಣಿಗೆ ನಿಂತಿದೆ. ನಮ್ಮ ಲೆಕ್ಕದವರು ಆ ಅಂಕಿಗಾಗಿ ಸಗಟು ಬೆಲೆ ಸೂಚ್ಯಂಕವನ್ನು ಹೆಚ್ಚಾಗಿ ನೆಚ್ಚಿಕೊಂಡಿದ್ದದ್ದು, ಬೆಲೆ ಹೋಲಿಸುವ ಮೂಲ ವರ್ಷ ಆಗಿನ್ನೂ 2011-12 ಆಗಿದ್ದದ್ದು, ಇವೆಲ್ಲದಕ್ಕೆ ಐ.ಎಂ.ಎಫ್. (ಅಂತರರಾಷ್ಟ್ರೀಯ ಹಣಕಾಸು ನಿಧಿ) 2025ರ ನವೆಂಬರ್‌ನಲ್ಲಿ ನಮ್ಮ ರಾಷ್ಟ್ರೀಯ ಲೆಕ್ಕಕ್ಕೆ ‘ಸಿ’ ದರ್ಜೆ ಕೊಟ್ಟಿತು. ಫೇಲ್ ಅಲ್ಲ, ಮನೆಗೆ ತಂದು ತೋರಿಸುವ ಮಾರ್ಕ್ಸೂ ಅಲ್ಲ. ಮೂಲ ವರ್ಷವನ್ನು 2022-23ಕ್ಕೆ ಬದಲಿಸುವ ಕೆಲಸ ಆಗ ನಡೆದಿತ್ತು.

ಈಗ ನಿಮ್ಮ ಬಾಡಿಗೆ, ಹುಡುಗರ ಸಂಬಳ, ಬ್ಯಾಂಕಿನ ಬಡ್ಡಿ ನೋಡಿ. ಇವೆಲ್ಲ ರೂಪಾಯಿಯಲ್ಲಿ ಓಡುತ್ತವೆ, ಸೀರೆಯ ಲೆಕ್ಕದಲ್ಲಲ್ಲ. 2012-13ರಲ್ಲಿ, 2013-14ರಲ್ಲಿ ಆ ರೂಪಾಯಿ ಲೆಕ್ಕದ ಬೆಳವಣಿಗೆ ಶೇ 13ರ ಆಸುಪಾಸು ಇತ್ತು. 2025ರ ಆ ಮೂರು ತಿಂಗಳಲ್ಲಿ ಒಂಬತ್ತಕ್ಕೂ ಕಡಿಮೆ. ಅರ್ಥಶಾಸ್ತ್ರಜ್ಞ 8.2 ಕಂಡು ಚಪ್ಪಾಳೆ ತಟ್ಟುತ್ತಿದ್ದರೆ ನೀವು 8.7 ಕಂಡು ತಲೆಗೆ ಕೈ ಹಚ್ಚಿ ಕೂತಿದ್ದೀರಿ. ಇಬ್ಬರೂ ನೋಡುತ್ತಿರುವುದು ಒಂದೇ ಹಾಳೆ.

ಇದಕ್ಕಿಂತ ಕಟುವಾದದ್ದು ಇನ್ನೊಂದಿದೆ. ಬೆಲೆ ಏರದೆ ನಿಂತದ್ದು ಮುಖ್ಯವಾಗಿ ಆಹಾರದ್ದು. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತು; ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 5 ಕಡಿಮೆ. ಬೆಂಗಳೂರಿನ ಸಂಬಳದಾರನಿಗೆ ಅದು ಹಬ್ಬ. ನಮ್ಮ ಜಿಲ್ಲೆ ಆ ಆಹಾರವನ್ನು ಮಾರುವ ಜಿಲ್ಲೆ. 2025ರ ಜೂನ್‌ನಲ್ಲಿ ತೋತಾಪುರಿ ಮಾವಿನ ರೇಟು ಬಿದ್ದು ಶ್ರೀನಿವಾಸಪುರ ಬಂದ್ ಆದದ್ದು ನಿಮಗೆ ಗೊತ್ತು. ಚಿತ್ತೂರಿನವರು ನಮ್ಮ ಹಣ್ಣನ್ನು ಗಡಿಯಲ್ಲೇ ತಡೆದರು. ಕೊನೆಗೆ ಕೇಂದ್ರ ಎರಡೂವರೆ ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ಕಟ್ಟಿಕೊಡಲು ಒಪ್ಪಿತು. ಮಾವಿನ ದುಡ್ಡಿನಲ್ಲಿ ಗೌರಿ ಹಬ್ಬಕ್ಕೆ ಬಟ್ಟೆ ತೆಗೆಯುವ ಮನೆಗಳು ನಿಮ್ಮ ಗಿರಾಕಿಗಳು. ಆ ಹಬ್ಬ ಆಗಸ್ಟ್ ಕೊನೆಯಲ್ಲಿ ಬಂತು. ಅದಾಗಲೇ ಜಿ.ಎಸ್.ಟಿ. ಇಳಿಯುತ್ತದೆಂದು ಸುದ್ದಿ ಹಬ್ಬಿ, ಕೈಯಲ್ಲಿ ಕಾಸಿದ್ದವರೂ ಇಳಿಯಲಿ ಅಂತ ಕಾದರು; ಇಳಿದದ್ದು ಸೆಪ್ಟೆಂಬರ್ 22ಕ್ಕೆ. ಬೆಲೆಯ ಇಳಿಕೆ ದೇಶದ ಅಂಕಿಯನ್ನು ಉಬ್ಬಿಸಿತು, ನಮ್ಮೂರಿನ ರೈತನ ಜೇಬನ್ನು ತಗ್ಗಿಸಿತು. ಬೋಣಿ ನಿಂತಿದೆ, ಆದ್ದರಿಂದ ಆ ಅಂಕಿ ಸುಳ್ಳು ಎಂಬುದು ನಿಮ್ಮ ವಾದ. ಅದು ಉಬ್ಬಿದ ಕಾರಣವೇ ನಿಮ್ಮ ಬೋಣಿ ನಿಲ್ಲಲು ಒಂದು ಕಾರಣ ಎಂಬುದು ನನ್ನ ಅನುಮಾನ.

ಲೆಕ್ಕದ ಬಗ್ಗೆ ನಿಮ್ಮ ಗುಮಾನಿಗೆ ಆಧಾರವೇ ಇಲ್ಲ ಅಂತ ಮಾತ್ರ ಹೇಳಲಾರೆ. ನೋಟು ರದ್ದಾದ 2016ರ ನವೆಂಬರ್ 8 ನೆನಪಿದೆಯಲ್ಲ? ಆ ವಾರ ನಾನು ಕೋಲಾರದ ಎ.ಪಿ.ಎಂ.ಸಿ.ಯಲ್ಲಿದ್ದೆ. ಹರಾಜು ಕೂಗುವವನಿದ್ದ, ಬಾಕ್ಸುಗಳಿದ್ದವು, ಕೊಡಲು ನೋಟಿರಲಿಲ್ಲ; ಚೀಟಿಯಲ್ಲಿ ಬರೆದುಕೊಂಡು ಮಾಲು ಎತ್ತಿದರು. ಆ 2016-17ರ ಬೆಳವಣಿಗೆ ಮೊದಲು ಶೇ 7.1 ಎಂದಿದ್ದರು. ಪರಿಷ್ಕರಿಸುತ್ತಾ ಹೋದಂತೆ ಅದು ಇಳಿಯಬೇಕಿತ್ತು ತಾನೇ? 8.3ಕ್ಕೆ ಏರಿತು! ಇದರಲ್ಲಿ ಯಾರೋ ಕೂತು ಅಂಕಿ ತಿದ್ದಿದರು ಅಂತ ಅಂದುಕೊಳ್ಳಬೇಕಿಲ್ಲ. ರಿಟರ್ನ್ ತುಂಬುವ ಕಂಪನಿಗಳ ಲೆಕ್ಕ ಕೈಗೆ ಸಿಗುತ್ತದೆ. ಸಣ್ಣ ಅಂಗಡಿ, ಸಣ್ಣ ಕಸುಬಿನ ಲೆಕ್ಕ ವರ್ಷ ವರ್ಷ ಸಿಗುತ್ತಿರಲಿಲ್ಲ. ದೊಡ್ಡವರು ಬೆಳೆದ ಹಾಗೇ ಸಣ್ಣವರೂ ಬೆಳೆದಿರಬೇಕು ಅಂತ ಬಹುಪಾಲು ಅಂದಾಜು ಕಟ್ಟುತ್ತಿದ್ದರು. ದೊಡ್ಡವರು ಸಣ್ಣವರ ವ್ಯಾಪಾರವನ್ನು ಕಿತ್ತುಕೊಂಡು ಬೆಳೆದಾಗ ಈ ಲೆಕ್ಕ ಎರಡು ಸಲ ತಪ್ಪುತ್ತದೆ: ಸಣ್ಣವರ ಇಳಿಕೆ ಬಿಟ್ಟುಹೋಗುತ್ತದೆ, ಇಲ್ಲದ ಏರಿಕೆ ಸೇರಿಕೊಳ್ಳುತ್ತದೆ. 2021-22ರ ನಂತರ ನೋಂದಣಿಯಾಗದ ಉದ್ದಿಮೆಗಳ ಸಮೀಕ್ಷೆ ಪ್ರತಿ ವರ್ಷ ನಡೆಯುತ್ತಿದೆ, ಅಷ್ಟರಮಟ್ಟಿಗೆ ಮೇಲು. 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಲೆಕ್ಕಕಟ್ಟಿದವರು ವಿ.ಕೆ.ಆರ್.ವಿ. ರಾವ್, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ, ಆರ್ಥಿಕ ಸಂಶೋಧನೆಯ ಐಸೆಕ್ ಸಂಸ್ಥೆ ಕಟ್ಟಿದವರು. ಅವರ ಕಾಲದಿಂದಲೂ ಈ ಲೆಕ್ಕಕ್ಕೆ ಕಗ್ಗಂಟಾಗಿರುವುದು ಪುಸ್ತಕ ಇಡದ ಮನುಷ್ಯನೇ. ನಿಮಗಾದರೂ ಜಿ.ಎಸ್.ಟಿ. ನಂಬರಿದೆ. ನಿಮ್ಮ ಜಗುಲಿಯ ಮೇಲೆ ಕೂತು ಬ್ಲೌಸ್ ಹೊಲಿಯುವವನನ್ನು ಯಾರು ಬಂದು ಎಣಿಸುತ್ತಾರೆ?

ಹಿಂಜರಿತ ಎಂಬ ಪದವೇ ಬೇಕು ಎನ್ನುವವರಿಗೆ ನಾನು ಕೆ.ಜಿ.ಎಫ್. ತೋರಿಸುತ್ತೇನೆ. ನಿಮ್ಮೂರಿನಿಂದ ಮಾರಿಕುಪ್ಪಂ ಲೈನಿನಲ್ಲಿ ಹೋದರೆ ಅದೇ ಸಿಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಎಳೆಸಿಕೊಂಡ ಊರು, ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯರನ್ನು ಇಳಿಸಿದ ಗಣಿ. ನಿಮ್ಮ ತಂದೆಯವರ ಕಾಲದಲ್ಲಿ, ಹಳಬರು ಇನ್ನೂ ಬೌರಿಂಗ್‌ಪೇಟೆ ಎನ್ನುತ್ತಿದ್ದಾಗ, ಗಣಿಯ ಸಂಬಳದ ವಾರ ಬಂಗಾರಪೇಟೆಯ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ ಅಂತ ನಮ್ಮ ಮನೆಯಲ್ಲೂ ಹೇಳುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದ ಐದಾರು ವರ್ಷಕ್ಕೆ ದೇಶ ಓಡಿದ ಓಟ ನೋಡಿ: 2005-06ರಿಂದ ಮೂರು ವರ್ಷ ಸತತವಾಗಿ ಬೆಳವಣಿಗೆ ಶೇ 9 ಅಥವಾ ಅದಕ್ಕೂ ಮೇಲೆ ಇತ್ತೆಂದು ಆಗ ಪ್ರಕಟವಾಯಿತು. ಆ ಮೂರು ವರ್ಷವೂ ಚಾಂಪಿಯನ್ ರೀಫ್‌ನ ಲೈನ್ ಮನೆಗಳಿಂದ ಜನ ನಸುಕಿಗೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಿದ್ದರು, ರಾತ್ರಿ ಹತ್ತಕ್ಕೆ ವಾಪಸ್ಸು. ಬೆಂಗಳೂರಿನ ಸೆಕ್ಯುರಿಟಿ ಕೆಲಸದಲ್ಲಿ ಅವರು ದುಡಿದದ್ದು ಜಿಡಿಪಿಗೆ ಸೇರಿತು. ಒಂದು ಊರು ಮುಳುಗಿದ್ದು ಯಾವ ಕಾಲಂನಲ್ಲೂ ಸೇರಲಿಲ್ಲ.

ನಾನು ಆ ಪದವನ್ನು ಬಳಸದಿರುವ ಕಾರಣ ಭಯ ಅಲ್ಲ, ಜಿಪುಣತನ. “ದೇಶ ಹಿಂಜರಿತದಲ್ಲಿದೆಯೇ?” ಅಂತ ನಾವು ಕೇಳಿದರೆ ಮಂತ್ರಿಗಳಿಗೆ ಸಂತೋಷ. “ಇಲ್ಲ” ಎಂದು ಒಂದು ಅಂಕಿ ಓದಿ ಕೂತುಬಿಡಬಹುದು. ಅವರು ಹೇಳಿದ್ದು ಸರಿಯೂ ಆಗಿರುತ್ತದೆ. “ಮಾವಿನ ರೇಟು ಬಿದ್ದ ತಾಲ್ಲೂಕಿನಲ್ಲಿ ಈ ಶೇ 8.2 ಯಾರ ಮನೆಗೆ ಹೋಯಿತು?” ಅಂತ ಕೇಳಿದರೆ ಅಷ್ಟು ಸಲೀಸಾಗಿ ಕೂರಲಾಗದು. ಸುಲಭದ ಪ್ರಶ್ನೆಯನ್ನು ನಾವೇ ಎತ್ತಿ ಅವರ ಕೈಗೆ ಕೊಡುವುದು ಬೇಡ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ವ್ಯಾಪಾರ ಇಳಿದದ್ದೆಲ್ಲ ಜನರ ಕೊಳ್ಳುವ ಶಕ್ತಿ ಇಳಿದದ್ದಲ್ಲ. ದಿನಾ ಬೆಂಗಳೂರಿಗೆ ಹೋಗಿ ಬರುವವರು ಬಟ್ಟೆಯನ್ನೂ ಅಲ್ಲೇ ತೆಗೆಯುತ್ತಾರೆ. ಅವರ ಮಕ್ಕಳು ಫೋನಿನಲ್ಲಿ ತರಿಸುತ್ತಾರೆ. ಪೋಸ್ಟ್‌ಮ್ಯಾನಿಗಿಂತ ಹೆಚ್ಚು ಸಲ ಡೆಲಿವರಿ ಹುಡುಗ ನಮ್ಮ ಬೀದಿಗೆ ಬರುತ್ತಾನೆ. ಇನ್ನು ಮನೆಯಲ್ಲಿ ಉಳಿದ ಹೆಂಗಸರ ಕೈಯ ಕಾಸು ಮೈಕ್ರೋಫೈನಾನ್ಸ್ ಸಂಘದ ಸಾಲದ ವಾರದ ಕಂತಿಗೆ ಹೋಗುತ್ತದೆ. ಆ ವಸೂಲಿಯ ಕಾಟಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇವುಗಳಲ್ಲಿ ನಿಮ್ಮ ಅಂಗಡಿಗೆ ಯಾವುದು ಎಷ್ಟು ಹೊಡೆತ ಕೊಟ್ಟಿದೆ ಎಂಬುದು ಇಬ್ಬರಿಗೂ ಗೊತ್ತಾಗಬೇಕಾದರೆ ಒಂದೇ ದಾರಿ.

ನಿಮ್ಮ ಹಳೆಯ ಬಿಲ್ ಬುಕ್ಕುಗಳನ್ನು ಅಟ್ಟದಿಂದ ಇಳಿಸಿ. 2015ರಿಂದ ಈಚೆಗೆ ಪ್ರತಿ ವರ್ಷ ಗೌರಿ ಹಬ್ಬದ ಹಿಂದಿನ ಎರಡು ವಾರ ಎಷ್ಟು ಸೀರೆ ಹೋದವು, ರೂಪಾಯಿ ಬೇಡ, ಪೀಸ್ ಲೆಕ್ಕ ಬರೆದು ಕಳಿಸಿ. ಉದ್ರಿ ಎಷ್ಟು, ನಗದು ಎಷ್ಟು ಎಂಬುದೂ ಇರಲಿ. ಪಾತ್ರೆ ಅಂಗಡಿಯವರೂ ಒಪ್ಪಿದರೆ ಅವರದನ್ನೂ ಜೊತೆಗಿಡಿ. ಹೆಸರು ಹಾಕದೆ, ಅಂಕಿ ತಿದ್ದದೆ, ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ಕೊಡುತ್ತೇನೆ. ಅದು ನನ್ನ ಮೇಲಿನ ವಾದವನ್ನು ತಲೆಕೆಳಗು ಮಾಡುವಂತಿದ್ದರೂ ಹಾಕುತ್ತೇನೆ.

ಚಂದಾ ವಿಷಯ: ನಿಮ್ಮದು ಡಿಸೆಂಬರ್‌ಗೇ ಮುಗಿದಿದೆ ಎಂದು ಆಫೀಸಿನ ಹುಡುಗಿ ಹೇಳಿದಳು. ಈ ಸಂಚಿಕೆಯನ್ನು ಉದ್ರಿಯಲ್ಲಿ ಕಳಿಸುತ್ತಿದ್ದೇನೆ, ಬರೆದುಕೊಳ್ಳಿ.