ಒಂದು ಕೂಟ ಹತ್ತಾಗಬೇಕಾದರೆ
ಓದುಗರ ಪ್ರಶ್ನೆ, ಅಯ್ಯನವರ (ಕ್ರೈಸ್ತ ಸಭೆಯ ಬೋಧಕರ) ಉತ್ತರ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಾನು ಟೇಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಭಾನುವಾರ ಸಂಜೆ ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ, ಅಲ್ಲೇ ಪ್ರಾರ್ಥನಾಕೂಟ ನಡೆಸುತ್ತೇವೆ. ಏಳು ಮನೆಯವರು ಬರುತ್ತಾರೆ. ಎರಡು ವರ್ಷವಾಯಿತು, ಏಳು ಎಂಟಾಗಿಲ್ಲ. ಹಾಡು, ಪ್ರಾರ್ಥನೆ, ವಾಕ್ಯ ಎಲ್ಲವೂ ನನ್ನ ತಲೆಯ ಮೇಲೇ. ಈಗ ಬೆಂಗಳೂರಿನ ಹಿತೈಷಿಯೊಬ್ಬರು "ಹಾಲ್ ಕಟ್ಟಿಸಿಕೊಡುತ್ತೇನೆ, ತಿಂಗಳ ಸಂಬಳವನ್ನೂ ಕೊಡುತ್ತೇನೆ, ಅಂಗಡಿ ಮುಚ್ಚಿ ಪೂರ್ಣಾವಧಿ ಸೇವೆಗೆ ಬನ್ನಿ" ಎನ್ನುತ್ತಿದ್ದಾರೆ. ಸುತ್ತಲಿನ ಹಳ್ಳಿಗಳಲ್ಲೂ ಸಭೆಗಳು ಏಳಬೇಕೆಂಬ ಭಾರ ನನಗಿದೆ. ಒಪ್ಪಿಕೊಳ್ಳಲೇ?

ಉತ್ತರ: ಒಪ್ಪಿಕೊಳ್ಳಬೇಡಿ ತಮ್ಮಾ. ಆ ಹಿತೈಷಿಯ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ನಿಮ್ಮ ಆಸೆಗೂ ಅವರು ಕೊಡುವುದಕ್ಕೂ ಹೊಂದುವುದಿಲ್ಲ.

ಇವತ್ತು ನೀವು ಹಳ್ಳಿಯೊಂದಕ್ಕೆ ಹೋದರೆ ಜನ ನಿಮ್ಮನ್ನು ಟೇಲರ್ ಎಂದು ಗುರುತಿಸುತ್ತಾರೆ. ಮಕ್ಕಳ ಯೂನಿಫಾರ್ಮ್, ಮದುವೆಯ ಬ್ಲೌಸು, ಹಬ್ಬದ ಲಂಗ ಅಂತ ಮನೆಮನೆಯೊಂದಿಗೂ ನಿಮಗೆ ಬಳಕೆ ಇದೆ. ಅಂಗಡಿ ಮುಚ್ಚಿ ಸಂಬಳ ಹಿಡಿದ ದಿನ "ಇವನಿಗೆ ದುಡ್ಡು ಎಲ್ಲಿಂದ ಬರುತ್ತದೆ?" ಎಂಬ ಪ್ರಶ್ನೆ ಏಳುತ್ತದೆ, ಅವರು ಹಾಗೆ ಕೇಳುವುದು ನ್ಯಾಯವೂ ಹೌದು. ಇನ್ನೊಂದು ಮಾತು. ನಿಮ್ಮ ಕೂಟದಲ್ಲಿ ಕೂತ ಹುಡುಗ ನಿಮ್ಮನ್ನೇ ನೋಡಿ ಕಲಿಯುತ್ತಾನೆ. ಸಭೆ ಎಂದರೆ ಹಾಲ್, ಮೈಕು, ಸಂಬಳದ ಅಯ್ಯನವರು ಎಂದು ಅವನು ಕಲಿತರೆ, ಪಕ್ಕದ ಹಳ್ಳಿಯಲ್ಲಿ ಸಭೆ ಶುರು ಮಾಡಲು ಅವನೂ ಒಬ್ಬ ಹಿತೈಷಿಯನ್ನು ಹುಡುಕಬೇಕಾಗುತ್ತದೆ. ಚಾಪೆ ಹಾಸಿದರೆ ಸಾಕು ಎಂದು ಕಲಿತರೆ ಬರುವ ವಾರವೇ ಶುರು ಮಾಡಬಲ್ಲ.

1890ರಲ್ಲಿ ಚೀನಾದಲ್ಲಿ ಸೇವೆ ಮಾಡುತ್ತಿದ್ದ ಜಾನ್ ನೇವಿಯಸ್ ಎಂಬ ಮಿಷನರಿ ಕೊರಿಯಾಕ್ಕೆ ಹೋಗಿ, ಅಲ್ಲಿಯ ಎಳೆಯ ಮಿಷನರಿಗಳಿಗೆ ಇದನ್ನೇ ಹೇಳಿದರು. ವಿಶ್ವಾಸಕ್ಕೆ ಬಂದವನು ತನ್ನ ಕಸುಬಿನಲ್ಲೇ ಇದ್ದು ಸಾಕ್ಷಿ ಹೇಳಲಿ. ಊರವರು ತಮ್ಮ ಕೈಲಾದಷ್ಟು ಹಣದಲ್ಲಿ ತಮ್ಮ ಊರಿನ ಮನೆಗಳಂತೆಯೇ ಆರಾಧನಾ ಸ್ಥಳ ಕಟ್ಟಿಕೊಳ್ಳಲಿ. ಸೇವಕರನ್ನು ಇಡಬೇಕಾದರೆ ಸಭೆಯವರೇ ಪೋಷಿಸಲಿ. ಕೊರಿಯಾದವರು ಅದನ್ನು ಹಿಡಿದುಕೊಂಡರು. ಆಮೇಲೆ ಆ ಸಭೆ ಬೆಳೆದ ರೀತಿ ಲೋಕಕ್ಕೆಲ್ಲ ಗೊತ್ತಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಬಾಸೆಲ್ ಮಿಶನ್ನಿನ ಮೂಲಕ ಕ್ರೈಸ್ತರಾದ ಮನೆತನ ನನ್ನದು. ಹಾಗಾಗಿ ಮುಂದಿನ ಮಾತನ್ನು ನೋವಿನಿಂದಲೇ ಬರೆಯುತ್ತೇನೆ. 1834ರಲ್ಲಿ ಅದರ ಮೊದಲ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಪಡೆದವರನ್ನು ಜಾತಿಯವರು ಹೊರಗಿಟ್ಟಾಗ ಅವರಿಗೆ ಹೊಲವೂ ಇಲ್ಲ, ಕಸುಬೂ ಇಲ್ಲ ಎಂಬ ಸ್ಥಿತಿ ಬಂತು. ಮಿಶನ್ ಅವರಿಗಾಗಿ ನೇಯ್ಗೆ ಮಗ್ಗ, ಛಾಪಖಾನೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ತೆರೆಯಿತು. ಆ ದಯೆಯನ್ನು ನಾನು ಹಗುರವಾಗಿ ಕಾಣಲಾರೆ, ನಮ್ಮ ಹಿರಿಯರು ಆ ಅನ್ನ ಉಂಡವರು. ಆದರೆ ಅನ್ನ, ಮನೆ, ಶಾಲೆ, ಸಭೆ ಎಲ್ಲವೂ ಒಂದೇ ಕಂಪೌಂಡಿನೊಳಗೆ ಸೇರಿಕೊಂಡಾಗ, ಹೊರಗಿನ ಊರಿನೊಂದಿಗೆ ಇದ್ದ ನೆಂಟಸ್ತನದ ದಾರಿಗಳು ಮುಚ್ಚಿಹೋದವು. ಮೊದಲನೆಯ ಮಹಾಯುದ್ಧ ಬಂದು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ದೇಶದಿಂದ ಕಳಿಸಿದರು, ಕಾರ್ಖಾನೆಗಳೂ ಕೈತಪ್ಪಿದವು. ಆಗ ಸಭೆಯ ಭಾರ ದಿಢೀರನೆ ನಮ್ಮವರ ಹೆಗಲಿಗೆ ಬಂತು. ಅದನ್ನು ಐವತ್ತು ವರ್ಷ ಮೊದಲೇ ಕೊಟ್ಟಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನಿಮ್ಮ ಕೂಟದ ವಿಷಯ. ಸತ್ಯವೇದದಲ್ಲಿ ಅಪೊಸ್ತಲನಾದ ಪೌಲನು ಕೊಲೊಸ್ಸೆ ಊರಿನ ಸಭೆಗೆ ಪತ್ರ ಬರೆದನು, ಆದರೆ ಅಲ್ಲಿಯವರು ಅವನ ಮುಖ ಕಂಡವರಲ್ಲ. ಅಲ್ಲಿ ಸುವಾರ್ತೆ ಹೇಳಿದವನು ಅದೇ ಊರಿನ ಎಪಫ್ರ. ಪೌಲನು ಎಫೆಸದಲ್ಲಿ ಎರಡು ವರ್ಷ ತುರನ್ನನ ತರ್ಕಶಾಲೆಯಲ್ಲಿ ಮಾತಾಡಿದನು, ಆ ಸುತ್ತಲಿನ ಅಸ್ಯಸೀಮೆಯವರೆಲ್ಲ ಕರ್ತನ ವಾಕ್ಯ ಕೇಳಿದರು. ಅವನೊಬ್ಬನ ಕಾಲು ಅಷ್ಟು ಊರು ತುಳಿಯಲು ಸಾಧ್ಯವಿಲ್ಲ. ಕೇಳಿದವರು ಊರಿಗೆ ಹೋಗಿ ಹೇಳಿದರು. ನಿಮ್ಮ ಏಳು ಮನೆಗಳಲ್ಲಿ ಎಪಫ್ರ ಯಾರು? ಸಂಖ್ಯೆಯ ಚಿಂತೆ ಬಿಟ್ಟು ಅವನನ್ನೋ ಅವಳನ್ನೋ ಹುಡುಕಿ.

ಹೇಗೆ ಎನ್ನುತ್ತೀರಾ? ಉಪದೇಶ ಮಾಡುವುದನ್ನು ನಿಲ್ಲಿಸಿ. ಗದಗ ಕಡೆಯ ಹಳ್ಳಿಯೊಂದರಲ್ಲಿ ನಾನು ಕಂಡಿದ್ದನ್ನು ಹೇಳುತ್ತೇನೆ. ಶೇಂಗಾ ಬಿಡಿಸುತ್ತ ಕೂತ ಹೆಂಗಸರು, ಓದು ಬಂದವಳು ಒಬ್ಬಳೇ. ಅವಳು ಯೇಸುವನ್ನು ಕಂಡು ಬದಲಾದ ಸುಂಕದವ ಜಕ್ಕಾಯನ ಕಥೆ ಓದಿದಳು. ಪುಸ್ತಕ ಮುಚ್ಚಿಟ್ಟ ಮೇಲೆ ಇನ್ನೊಬ್ಬಳು ಅದನ್ನೇ ತನ್ನ ಮಾತಿನಲ್ಲಿ ಹೇಳಬೇಕು. ಹೇಳುತ್ತ ಹೇಳುತ್ತ "ಅರ್ಧಾ ಆಸ್ತಿ ಕೊಟ್ಟಬಿಟ್ಟ" ಎಂದು ಮುಗಿಸಿದಳು. ಮೂಲೆಯಲ್ಲಿದ್ದ ಮುದುಕಿ ಕೈಯ ಕಾಯಿ ಕೆಳಗಿಟ್ಟು, "ಬಡವರಿಗೆ ಅರ್ಧಾ, ಮೋಸಾ ಮಾಡಿ ತಗೊಂಡಿದ್ದಕ್ಕ ನಾಕ್ಪಟ್ಟು. ಎರಡೂ ಹೇಳವ್ವಾ" ಎಂದಳು. ಆಮೇಲೆ ಎರಡೇ ಪ್ರಶ್ನೆ: ಇದರಂತೆ ನಾನು ಈ ವಾರ ಏನು ಮಾಡಲಿ? ಇದನ್ನು ಯಾರಿಗೆ ಹೇಳಲಿ? ಒಬ್ಬಳು ಅತ್ತಿಗೆಯಿಂದ ಕಡ ತಂದ ಅಕ್ಕಿ ತಿರುಗಿ ಕೊಡುತ್ತೇನೆ ಎಂದಳು. ಮುಂದಿನ ವಾರ ಮೊದಲ ಮಾತೇ "ಅಕ್ಕಿ ಕೊಟ್ಯಾ?" ಕೊಟ್ಟಿದ್ದಳು. ಅತ್ತಿಗೆ ಯಾಕೆ ಕೊಟ್ಟೆ ಎಂದು ಕೇಳಿದ್ದಳು, ಕಥೆ ಅಲ್ಲಿಗೂ ಹೋಯಿತು. ಆ ಅತ್ತಿಗೆಯ ಮನೆಯಲ್ಲಿ ಈಗ ಬೇರೆಯೇ ಕೂಟ ಇದೆ, ಅದಕ್ಕೆ ನಾನು ಹೋಗೇ ಇಲ್ಲ.

ಹೀಗೆ ಕಥೆ ಹೇಳಬಲ್ಲ ಇಬ್ಬರು ನಿಮ್ಮಲ್ಲಿ ತಯಾರಾದರೆ, ತಿಂಗಳಲ್ಲಿ ಒಂದು ಭಾನುವಾರ ನೀವು ಬೇಕೆಂದೇ ಕೂಟಕ್ಕೆ ಹೋಗದೆ ಇರಿ. ತಪ್ಪು ಹೇಳಿಯಾರು ಎಂಬ ಭಯ ನಿಮಗಿರುತ್ತದೆ. ವಾರದ ನಡುವೆ ಅವರಿಬ್ಬರ ಜೊತೆ ಕೂತು ವಾಕ್ಯ ಓದಿ, ಕಷ್ಟದ ಪ್ರಶ್ನೆ ಬಂದರೆ ನಿಮ್ಮಲ್ಲಿಗೆ ಬರಲಿ. ಪೌಲನೂ ತನ್ನ ಜೊತೆಗಾರ ತೀತನನ್ನು ಕ್ರೇತ ದ್ವೀಪದಲ್ಲಿ ಬಿಟ್ಟದ್ದು ಪ್ರತಿ ಊರಲ್ಲಿ ಹಿರಿಯರನ್ನು ನೇಮಿಸಲಿಕ್ಕೆ.

ಆ ಹಿತೈಷಿಗೆ ನನ್ನದೊಂದು ಮಾತು ತಲುಪಿಸಿ: ಕೊಡಲೇಬೇಕೆಂದಿದ್ದರೆ ಸತ್ಯವೇದದ ಪ್ರತಿಗಳನ್ನು ಕೊಡಲಿ. ಊರಿನ ಬಡವರಿಗೆ ಕೊಡುವುದಿದ್ದರೆ ಧರ್ಮ ನೋಡದೆ ಎಲ್ಲರಿಗೂ ಕೊಡಲಿ, ಕೂಟಕ್ಕೆ ಬರುವುದಕ್ಕೂ ಅದಕ್ಕೂ ಗಂಟು ಹಾಕುವುದು ಬೇಡ. ಆಮಿಷವೊಡ್ಡುವುದು ಸರ್ಕಾರಕ್ಕಿಂತ ಮೊದಲು ದೇವರ ಮುಂದೆ ತಪ್ಪು. 1876ರಿಂದ 78ರ ಬರಗಾಲದಲ್ಲಿ ತೆಲುಗು ಸೀಮೆಯ ಒಂಗೋಲಿನಲ್ಲಿದ್ದ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆ ತೋಡಿಸುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಜನ ದೀಕ್ಷಾಸ್ನಾನ ಕೇಳಿಕೊಂಡು ಬಂದರೂ, ಪರಿಹಾರ ಕೆಲಸ ಮುಗಿಯುವವರೆಗೆ ಕೊಡಲಿಲ್ಲ. ಹಣ ಕೊಡುವ ಕೈ ಖಾಲಿಯಾದ ಮೇಲೂ ಅವರು ಬಂದರು: 1878ರ ಜುಲೈ 3ರಂದು ಒಂದೇ ದಿನ 2,222 ಜನಕ್ಕೆ ದೀಕ್ಷಾಸ್ನಾನವಾಯಿತು. ಆ ಜನರ ನಡುವೆ ವರ್ಷಗಟ್ಟಲೆ ಮೊದಲೇ ಸುವಾರ್ತೆ ಹಬ್ಬಿಸಿದವರು ಯರ್ರಗುಂಟ್ಲ ಪೇರಯ್ಯ, ಚರ್ಮದ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ಮಾದಿಗರ ಮನುಷ್ಯ. ಕಸುಬಿನ ದಾರಿಯೇ ಅವರಿಗೆ ಸುವಾರ್ತೆಯ ದಾರಿಯೂ ಆಯಿತು. ಆದ್ದರಿಂದ ನಿಮ್ಮ ಅಂಗಡಿ ತೆರೆದಿರಲಿ.

ಪ್ರಶ್ನೆ: ನಮ್ಮದು ಬೀದರ್ ಕಡೆಯ ಮೆಥಡಿಸ್ಟ್ ಸಭೆ. ಅಯ್ಯನವರಿಗೆ ಹಳ್ಳಿಗಳು ಬಹಳ, ತಿಂಗಳಿಗೊಮ್ಮೆ ಬರುತ್ತಾರೆ. ನಡುವೆ ನಾವು ಹೆಂಗಸರೇ ಕೂಡಿ ಪ್ರಾರ್ಥಿಸುತ್ತೇವೆ, ಪಕ್ಕದ ತಾಂಡಾದವರೂ ಬರುತ್ತಿದ್ದಾರೆ. "ಅಯ್ಯನವರಿಲ್ಲದೆ ಇದೆಂಥ ಕೂಟ" ಎಂದು ಕೆಲವು ಹಿರಿಯರ ತಕರಾರು.

ಉತ್ತರ: ತಂಗೀ, ಆ ಹಿರಿಯರಿಗೆ ನಿಮ್ಮ ಸಭೆಯ ಚರಿತ್ರೆಯನ್ನೇ ತೋರಿಸಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಮೊದಲ ಮೆಥಡಿಸ್ಟರು ಪ್ರಾರ್ಥನಾಮಂದಿರದ ಸಾಲ ತೀರಿಸಲು ಜನರನ್ನು ಹನ್ನೆರಡು ಹನ್ನೆರಡಾಗಿ ಹಂಚಿ, ವಾರಕ್ಕೆ ತಲೆಗೊಂದು ಪೆನ್ನಿ ಕೂಡಿಸಲು ಒಬ್ಬೊಬ್ಬರನ್ನು ನೇಮಿಸಿದರು. ಪೆನ್ನಿ ಕೇಳಲು ಮನೆಗೆ ಹೋದವರು ಕಷ್ಟಸುಖ ಕಂಡರು, ಕುಡಿತ ಕಂಡರು, ಪ್ರಾರ್ಥಿಸಿ ಬಂದರು. ಅವರ ನಾಯಕ ಜಾನ್ ವೆಸ್ಲಿ ಇದರ ಬೆಲೆ ತಿಳಿದು ಎಲ್ಲ ಕಡೆ ಅದನ್ನೇ ಮಾಡಿಸಿದರು. ಆ ಗುಂಪುಗಳನ್ನು ನಡೆಸಿದವರು ದೀಕ್ಷೆ ಪಡೆದ ಬೋಧಕರಲ್ಲ, ಕೆಲಸಗಾರರು. ಅವರಲ್ಲಿ ಹೆಂಗಸರೂ ಬಹಳ ಮಂದಿ. ನಮ್ಮ ಪಕ್ಕದ ತೆಲುಗು ಸೀಮೆಯಲ್ಲಿ, 1912ರಲ್ಲಿ ದೋರ್ನಕಲ್ ಬಿಷಪ್ ಆದ ಅಜರಯ್ಯನವರು ದೀಕ್ಷಾಸ್ನಾನ ಪಡೆದವರ ಕೈಯನ್ನು ಅವರವರ ತಲೆಯ ಮೇಲಿಡಿಸಿ, "ನಾನು ಸುವಾರ್ತೆ ಸಾರದಿದ್ದರೆ ನನಗೆ ಅಯ್ಯೋ" ಎಂದು ಹೇಳಿಸುತ್ತಿದ್ದರು. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಎಂಬ ಮಾತು ಅಲ್ಲಿರಲಿಲ್ಲ.

ಕರ್ತನ ಭೋಜನ, ದೀಕ್ಷಾಸ್ನಾನ ನಿಮ್ಮ ಸಭೆಯ ಕ್ರಮದಂತೆ ಅಯ್ಯನವರ ಕೈಯಲ್ಲೇ ಇರಲಿ, ಅದಕ್ಕಾಗಿ ಜಗಳ ಬೇಡ. ಆದರೆ ತಾಂಡಾದವರನ್ನು ನಿಮ್ಮಲ್ಲಿಗೆ ಎಷ್ಟು ದಿನ ನಡೆಸುತ್ತೀರಿ? ಅವರಲ್ಲೇ ಒಬ್ಬಳ ಮನೆಯಲ್ಲಿ, ಅವರ ಲಂಬಾಣಿ ಮಾತಿನಲ್ಲಿ, ಅವರದೇ ಹಾಡಿನೊಂದಿಗೆ ಕೂಟ ಶುರುವಾಗಲಿ. ನಿಮ್ಮಲ್ಲೊಬ್ಬರು ಮೊದಮೊದಲು ಜೊತೆಗಿದ್ದರೆ ಸಾಕು.

ಪ್ರಶ್ನೆ: ಕುವೈತ್‌ನಲ್ಲಿ ಶುಕ್ರವಾರ ಫ್ಲಾಟ್‌ನಲ್ಲಿ ಕನ್ನಡ ಪ್ರಾರ್ಥನಾಕೂಟ ನಡೆಸುತ್ತೇವೆ. ಬಂದವರು ಒಪ್ಪಂದ ಮುಗಿದು ಹೋಗುತ್ತಲೇ ಇರುತ್ತಾರೆ. ಬೆಳೆಯುವುದೇ ಇಲ್ಲ.

ಉತ್ತರ: ಹೋಗುವುದನ್ನು ನಷ್ಟ ಎಂದು ಯಾಕೆ ಎಣಿಸುತ್ತೀರಿ? ವಿಶ್ವಾಸಕ್ಕಾಗಿ ಕೊಲ್ಲಲ್ಪಟ್ಟ ಸ್ತೆಫನನ ಕಾಲದ ಹಿಂಸೆಯಿಂದ ಚದರಿದವರಲ್ಲಿ ಕುಪ್ರದವರು, ಕುರೇನೆಯವರು ಕೆಲವರು ಅಂತಿಯೋಕ್ಯದಲ್ಲಿ ಗ್ರೀಕರೊಂದಿಗೂ ಮಾತಾಡಿದ್ದರಿಂದ ಆ ದೊಡ್ಡ ಸಭೆ ಹುಟ್ಟಿತು. ಅವರ ಹೆಸರುಗಳೂ ನಮಗೆ ಸಿಕ್ಕಿಲ್ಲ. ಅಲ್ಲಿಯ ಕಾನೂನಿನ ಮಿತಿಯೊಳಗೇ ಇರಿ, ನಿಮ್ಮವರನ್ನು ಅಪಾಯಕ್ಕೆ ತಳ್ಳಬೇಡಿ. ಊರಿಗೆ ಮರಳುವವರಿಗೆ ಕೊನೆಯ ಆರು ತಿಂಗಳು ಕೂಟ ನಡೆಸುವ ಹೊಣೆ ಕೊಟ್ಟು ಕಲಿಸಿ. ಅವರು ಹೋಗುವ ತಾಲ್ಲೂಕು ಯಾವುದೆಂದು ಮೊದಲೇ ತಿಳಿಸಿದರೆ, ಅಲ್ಲಿರುವ ಸಣ್ಣ ಕೂಟದವರ ಪರಿಚಯ ಮಾಡಿಸುವುದು ನಮ್ಮ ಜವಾಬ್ದಾರಿ. ಹಾವೇರಿ ಕಡೆಯವರು ಯಾರಾದರೂ ಬರುವವರಿದ್ದರೆ ಬೇಗ ಬರೆಯಿರಿ.